ಗೇಣೆತ್ತರದಲ್ಲಿ ಕಟ್ಟಿದ ಬೆಳಕು

"ಟೈಲರಮ್ಮ ಸೂಜಿ, ಅವಳ ತಂಗಿ ದಾರ. ಸೂಜಿ ಬಿಟ್ಟು ದಾರ ತಾನೇ ನಡೆದು ಹೋದದ್ದನ್ನ ಯಾರಾದ್ರೂ ನೋಡಿದ್ದೀರಾ?" ಎಂದು ಕೆಳಮನೆಯ ಅಜ್ಜಿ ಬೀದಿಯವರನ್ನೆಲ್ಲ ಕೇಳುತ್ತಿದ್ದಳು.

ಎದುರುಗಡೆ ಇಸ್ತ್ರಿ ಅಂಗಡಿಯವನು ಸುಮ್ಮನಿರುವ ಪೈಕಿ ಅಲ್ಲ. "ಹೋಗ್ತಾಳಜ್ಜಿ, ಮಂಗಳವಾರ ಮಂಗಳವಾರ ಹೋಗ್ತಾಳೆ. ನಲವತ್ತು ನಿಮಿಷಕ್ಕೆ ವಾಪಸ್. ಅವಳು ಮೆಟ್ಟಿಲಿಳಿದಾಗ ನಾನು ಪೆಟ್ಟಿಗೆಗೆ ಕೆಂಡ ತುಂಬ್ತೀನಿ. ಕೆಂಡ ಬೂದಿಯಾಗೋ ಮುಂಚೆ ಅವಳು ಮೇಲೆ ಇರ್ತಾಳೆ."

"ಎಂಥಾ ತಂಗಿ ನೋಡು! ಅಕ್ಕನ ಜೀವ ಕಾಯ್ತಾ ಕೂತಿದಾಳೆ" ಎಂದು ತಾಯಂದಿರು ತಮ್ಮ ಹೆಣ್ಣುಮಕ್ಕಳಿಗೆ ತೋರಿಸುತ್ತಿದ್ದರು. ಹೆಣ್ಣುಮಕ್ಕಳು ತಲೆಯೆತ್ತಿ ಮೇಲಿನ ಕಿಟಕಿ ನೋಡಿ, ದೇವರೇ ನಮಗೆ ಅಂಥ ಅಕ್ಕ ಬೇಡ ಎಂದುಕೊಂಡು ಬೇಗ ಬೇಗ ನಡೆಯುತ್ತಿದ್ದರು.

ಬೀದಿಗೆಲ್ಲ ಮಾದರಿಯಾದ ಆ ತಂಗಿಗೆ ಮೂವತ್ತೊಂಬತ್ತು ತುಂಬಿತ್ತು. ಆದರೂ ಎಲ್ಲರ ಬಾಯಲ್ಲೂ ಪುಟ್ಟಿಯೇ. ಅಕ್ಕ ಹಾಗೆ ಕರೆಯುತ್ತಿದ್ದಳು, ಆದ್ದರಿಂದ ಬೀದಿಯೂ ಹಾಗೇ ಕರೆಯಿತು.

ಹದಿನೇಳು ಮೆಟ್ಟಿಲು ಹತ್ತಿದರೆ ಅವರ ಮನೆ. ರೈಲಿನ ಡಬ್ಬಿಯಂತೆ ಒಂದರ ಹಿಂದೆ ಒಂದು ಎರಡು ಕೋಣೆ. ಮುಂದಿನದು ಅಕ್ಕನದು: ಬೀದಿ ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ನಡುವೆ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಗೋಡೆಗೆ ಬೀರು, ನೆಲದ ತುಂಬ ಬಟ್ಟೆಯ ಚೂರು. ಹಿಂದಿನದು ಪುಟ್ಟಿಯದು: ಒಂದು ಬೆಂಚು, ಕತ್ತು ಬಗ್ಗಿಸುವ ದೀಪ, ಬೆಸುಗೆ ಕಡ್ಡಿ, ಕೆಟ್ಟ ಕ್ಯಾಮೆರಾಗಳು. ಅಲ್ಲಿನ ಕಿಟಕಿ ತೆರೆದರೆ ಕೈಗೆಟುಕುವಷ್ಟು ಹತ್ತಿರದಲ್ಲಿ ಪಕ್ಕದ ಕಟ್ಟಡದ ಗೋಡೆ. ಎರಡು ಕೋಣೆಗಳ ನಡುವಿನ ಬಾಗಿಲಿಗೆ ಕದವಿತ್ತು, ಆದರೆ ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಅದನ್ನು ಮುಚ್ಚಿದ್ದಿಲ್ಲ. ಅಕ್ಕನಿಗೆ ಏನಾದರೂ ಆದರೆ ಕೇಳಿಸಬೇಕಲ್ಲ!

ಅಪ್ಪ ಅಮ್ಮ ಒಂದೇ ವರ್ಷದಲ್ಲಿ ಒಬ್ಬರ ಹಿಂದೊಬ್ಬರು ಹೋದಾಗ ಪುಟ್ಟಿಗೆ ಒಂಬತ್ತು, ಅಕ್ಕನಿಗೆ ಇಪ್ಪತ್ತೆರಡು. ಅಮ್ಮನ ಹೊಲಿಗೆ ಯಂತ್ರದ ಮುಂದೆ ಕೂತ ಅಕ್ಕ ಮತ್ತೆ ಏಳಲಿಲ್ಲ ಎಂದೇ ಹೇಳಬೇಕು. ಮದುವೆಗೆ ಕೇಳಿಕೊಂಡು ಬಂದವರಿಗೆ, "ನನ್ನ ಜೊತೆ ತಂಗೀನೂ ಬರ್ತಾಳೆ" ಎಂದಳು. ಮೊದಲನೆಯವನು ನಕ್ಕು ಎದ್ದು ಹೋದ. ಎರಡನೆಯವನು ಯೋಚನೆ ಮಾಡಿ ಹೇಳ್ತೀನಿ ಎಂದ. ಇನ್ನೂ ಯೋಚನೆ ಮಾಡುತ್ತಿದ್ದಾನೆ. ಅಕ್ಕ ಕಣ್ಣೀರು ಹಾಕುವ ಜಾತಿಯವಳಲ್ಲ. ಊರಿನ ಅರ್ಧ ಶಾಲೆಗಳ ಸಮವಸ್ತ್ರ ಹೊಲಿದಳು, ತಂಗಿಯನ್ನು ಓದಿಸಿದಳು, ತಂಗಿ ಮನೆಯ ಗಡಿಯಾರ ಬಿಚ್ಚಿ ಹಾಕಿದರೆ ಬೈದಳು, ಅದು ಮತ್ತೆ ನಡೆದಾಗ ಬೀದಿಗೆಲ್ಲ ಕೇಳುವಂತೆ ಹೊಗಳಿದಳು.

ಹತ್ತೊಂಬತ್ತಕ್ಕೆ ಪುಟ್ಟಿ ಬೇರೆ ಊರಿನ ಎಲೆಕ್ಟ್ರಾನಿಕ್ಸ್ ತರಬೇತಿ ಶಾಲೆಗೆ ಸೇರಿದಳು. ನಾಲ್ಕನೆಯ ದಿನ ಹಾಸ್ಟೆಲಿಗೆ ಕೆಳಮನೆಯ ಅಜ್ಜಿಯ ಫೋನು: "ನಿನ್ನಕ್ಕ ಬಿದ್ದುಬಿಟ್ಟಿದಾಳೆ. ಬಾಯಲ್ಲಿ ರಕ್ತ. ಬಾ."

ಪುಟ್ಟಿ ಬಂದಳು. ಅಕ್ಕ ಗೋಡೆಗೊರಗಿ ಕೂತಿದ್ದಳು, ಮುಖ ಸುಣ್ಣದಂತೆ. ನಾಲಗೆ ಕಚ್ಚಿಕೊಂಡಿದ್ದಳು.

"ನೀನು ಮನೇಲಿದ್ದಾಗ ನಂಗೆ ಹೀಗೆ ಆಗಿದ್ದುಂಟೇನೇ? ಒಂದು ದಿನ? ಒಂದೇ ಒಂದು ದಿನ?"

ಪುಟ್ಟಿ ಯೋಚಿಸಿದಳು. ಇಲ್ಲ.

"ನೋಡು ಮತ್ತೆ" ಎಂದಳು ಅಕ್ಕ.

ಆ ಮನೆಗೆ ಅದೇ ಕಾನೂನಾಯಿತು. ಪುಟ್ಟಿ ಇದ್ದರೆ ಅಕ್ಕ ಬೀಳುವುದಿಲ್ಲ. ಯಾರೂ ಅದನ್ನು ಬರೆದಿಡಲಿಲ್ಲ, ಯಾರೂ ಪ್ರಶ್ನಿಸಲೂ ಇಲ್ಲ. ಮುರಿದಾಗಲೆಲ್ಲ ಶಿಕ್ಷೆ ಕಾದಿರುತ್ತಿತ್ತು. ಗೆಳತಿಯ ಮದುವೆಗೆಂದು ಅರ್ಧ ದಿನ ಹೋದರೆ, ಬಂದಾಗ ಅಕ್ಕ ನೆಲದ ಮೇಲೆ. ಬಿಡಿಭಾಗ ಸಿಗದೆ ಎರಡು ಗಂಟೆ ತಡವಾದರೆ, ಅಕ್ಕ ಹಣೆಗೆ ಬಟ್ಟೆ ಒತ್ತಿಕೊಂಡು ಅಜ್ಜಿಯ ತೊಡೆಯ ಮೇಲೆ. ವರ್ಷಕ್ಕೆ ಒಂದೋ ಎರಡೋ ಸಲ, ಅಷ್ಟೆ. ಆದರೆ ಅಷ್ಟು ಸಾಕಾಗಿತ್ತು.

ಒಮ್ಮೆ ಒಬ್ಬ ಡಾಕ್ಟರು ಕೇಳಿದ್ದರು: "ಬೀಳೋದನ್ನ ಕಣ್ಣಾರೆ ನೋಡಿದವರು ಯಾರು?" ಯಾರೂ ಇರಲಿಲ್ಲ. ಬಿದ್ದ ಮೇಲೆ ನೋಡಿದವರು ಮಾತ್ರ. "ಸುಸ್ತು ಡಾಕ್ಟ್ರೇ, ರಕ್ತ ಕಡಿಮೆ" ಎಂದು ಅಕ್ಕ ತಾನೇ ರೋಗಕ್ಕೆ ಹೆಸರಿಟ್ಟಳು. ಡಾಕ್ಟರು ಟಾನಿಕ್ ಬರೆದುಕೊಟ್ಟರು. ಮತ್ತೆ ಹೋಗೋಣವೆಂದರೆ ಅಕ್ಕ ಕತ್ತರಿ ಕೆಳಗಿಟ್ಟು ಕೇಳುತ್ತಿದ್ದಳು: "ಫಿಟ್ಸು ಅಂತ ಹೆಸರು ಬರ್ಸ್ಕೊಂಡು ಬರ್ಲಾ? ಆಮೇಲೆ ಯಾರೇ ನನ್ನ ಕೈಗೆ ಬಟ್ಟೆ ಕೊಡ್ತಾರೆ?"

ಹಾಗಾಗಿ ಪುಟ್ಟಿ ಮನೆಯಲ್ಲೇ ಮಾಡಬಹುದಾದ ಕೆಲಸ ಹುಡುಕಿಕೊಂಡಳು. ಪೇಟೆಯ ಸ್ಟುಡಿಯೋದಲ್ಲಿ ಕ್ಯಾಮೆರಾ ರಿಪೇರಿ ಮಾಡುತ್ತಿದ್ದ ಮುದುಕರೊಬ್ಬರು ಮಂಗಳವಾರಗಳಂದು ಕಲಿಸಿದರು. ಕೈ ನಡುಗಲು ಶುರುವಾದ ಮೇಲೆ ತಮ್ಮ ಸ್ಕ್ರೂಡ್ರೈವರುಗಳನ್ನು ಅವಳಿಗೇ ಕೊಟ್ಟರು. ಕೆಲವು ಕ್ಯಾಮೆರಾಗಳು ಒಳಗೆ ಅರ್ಧ ಮುಗಿದ ರೀಲಿನ ಸಮೇತ ಬರುತ್ತಿದ್ದವು. ಬಚ್ಚಲಿನ ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ ಅವನ್ನು ತೊಳೆದು ಕೊಡುವುದೂ ಅವಳ ಕೆಲಸ. ಸಮುದ್ರವನ್ನು ಪುಟ್ಟಿ ನೋಡಿದ್ದು ಹಾಗೆ, ಬೇರೆಯವರ ಹೆಂಡಿರ ಬೆನ್ನ ಹಿಂದೆ. ಹಿಮದ ಬೆಟ್ಟ ನೋಡಿದ್ದು ಯಾರದೋ ಮಗುವಿನ ಟೊಪ್ಪಿಗೆಯ ಮೇಲೆ. ತೊಳೆದು, ಒಣಗಿಸಿ, ಲಕೋಟೆಗೆ ಹಾಕಿ, ಅವರವರ ಲೋಕ ಅವರವರಿಗೆ ಒಪ್ಪಿಸಿ, ಮತ್ತೆ ಕಿಟಕಿಯಾಚೆಯ ಗೋಡೆ ನೋಡಿಕೊಂಡು ಕೂರುತ್ತಿದ್ದಳು. ಆ ಗೋಡೆಯ ಬಿರುಕು ಇಪ್ಪತ್ತು ವರ್ಷದಲ್ಲಿ ಎಷ್ಟು ಬೆಳೆದಿದೆ ಎಂದು ಕೇಳಿದರೆ ಬೆರಳಿಟ್ಟು ತೋರಿಸಬಲ್ಲಳು.

ಹೀಗಿರುವಾಗ ಒಂದು ದಿನ ಹಕ್ಕಿ ಮೇಷ್ಟ್ರು ಮೆಟ್ಟಿಲು ಹತ್ತಿ ಬಂದರು. ರೈಲಿನಲ್ಲಿ ಆರು ಗಂಟೆ ದೂರದ ಒಂದು ಸಂಸ್ಥೆಯಲ್ಲಿ ಹಕ್ಕಿ, ಪ್ರಾಣಿಗಳ ಬಗ್ಗೆ ಅಧ್ಯಯನ ಮಾಡುವವರು. ಕತ್ತಿಗೆ ದುರ್ಬೀನು, ಕೈಯಲ್ಲಿ ಒಂದು ಕ್ಯಾಮೆರಾ.

"ಇದು ತಾನೇ ತಾನಾಗಿ ಫೋಟೋ ಹೊಡೀಬೇಕಮ್ಮಾ. ಪ್ರಾಣಿ ಎದುರಿಗೆ ಬಂದ ತಕ್ಷಣ. ನಾನು ಅಲ್ಲಿರಬಾರದು. ನಾನಿದ್ರೆ ಅದು ಬರೋದೇ ಇಲ್ಲ."

ನಮ್ಮನೇಲೂ ಅಂಥದ್ದೊಂದಿದೆ, ನಾನಿದ್ದರೆ ಬರುವುದಿಲ್ಲ, ಎಂದು ಪುಟ್ಟಿಯ ನಾಲಗೆಯ ತುದಿಗೆ ಬಂತು. ನುಂಗಿಕೊಂಡಳು. "ಬಿಟ್ಟು ಹೋಗಿ ಸಾರ್" ಎಂದಳು.

ಕ್ಯಾಮೆರಾದ ಬದಿಯಲ್ಲಿ ಮೂರು ತೂತಿನ ಒಂದು ಸಾಕೆಟ್ ಇತ್ತು. ಅದರ ಎರಡು ತಂತಿ ಮುಟ್ಟಿಸಿದರೆ ಕ್ಯಾಮೆರಾ ಎಚ್ಚರವಾಗುತ್ತದೆ. ಮೂರನೆಯದನ್ನೂ ಸೇರಿಸಿದರೆ ಚಕ್ ಎಂದು ಚಿತ್ರ ಹಿಡಿದು ತಾನೇ ರೀಲು ಮುಂದಕ್ಕೆ ಸುತ್ತಿಕೊಳ್ಳುತ್ತದೆ. ಮನುಷ್ಯನ ಬೆರಳಿನ ಕೆಲಸವನ್ನು ಒಂದು ಪುಟ್ಟ ರಿಲೇಗೆ, ಅಂದರೆ ಕರೆಂಟು ಕೊಟ್ಟರೆ ತಾನೇ ಒತ್ತಿಕೊಳ್ಳುವ ಸ್ವಿಚ್ಚಿಗೆ, ಒಪ್ಪಿಸಿದರಾಯಿತು. ಆ ರಿಲೇಗೆ ಹೇಳುವವರು ಯಾರು? ಟಿ.ವಿ. ರಿಮೋಟಿನ ಮೂತಿಯಲ್ಲಿರುತ್ತದಲ್ಲ, ಕಣ್ಣಿಗೆ ಕಾಣದ ಬೆಳಕಿನ ದೀಪ, ಅದನ್ನು ಒಂದು ಕಡೆ ಇಟ್ಟಳು. ಎದುರು ಅದನ್ನೇ ನೋಡುತ್ತಿರುವ ಒಂದು ಕಣ್ಣು. ನಡುವೆ ಯಾರಾದರೂ ಬಂದು ಬೆಳಕಿಗೆ ಅಡ್ಡವಾದರೆ ರಿಲೇ ಟಿಕ್ ಎನ್ನುತ್ತದೆ, ಕ್ಯಾಮೆರಾ ಚಕ್ ಎನ್ನುತ್ತದೆ. ಎರಡು ವಾರ ಹಿಡಿಯಿತು. ಬೆಂಚಿನ ಮೇಲೆ ತನ್ನ ಕೈಯನ್ನೇ ನರಿಯಂತೆ ನಡೆಸಿ ನಡೆಸಿ ಪರೀಕ್ಷೆ ಮಾಡಿದಳು.

ಮೇಷ್ಟ್ರು ಅದನ್ನು ಕಾಡಿಗೆ ಒಯ್ದರು. ಒಂದು ತಿಂಗಳಿಗೆ ಕಾಗದ ಬಂತು. ಇಂಥವು ನಲವತ್ತು ಬೇಕು, ಸಂಸ್ಥೆಯಲ್ಲಿ ಅದಕ್ಕೊಂದು ಕಾರ್ಯಾಗಾರ ತೆಗೆಯುತ್ತಿದ್ದೇವೆ, ನೀವೇ ಬಂದು ನಡೆಸಬೇಕು, ಇರಲು ಕೋಣೆ ಕೊಡುತ್ತೇವೆ, ಮುಂದಿನ ತಿಂಗಳ ಕೊನೆಯೊಳಗೆ ತಿಳಿಸಿ.

ಪುಟ್ಟಿ ಆ ಕಾಗದವನ್ನು ಬೆಸುಗೆ ತಂತಿಯ ಸುರುಳಿಯ ಕೆಳಗೆ ಇಟ್ಟಳು. ದಿನಕ್ಕೆ ಹತ್ತು ಸಲ ಸುರುಳಿ ಎತ್ತಿದಳು, ಹತ್ತು ಸಲ ಇಟ್ಟಳು. ಹಾಗೆ ಎತ್ತಿ ಇಡುವಾಗ ಒಂದು ದಿನ ಅವಳ ತಲೆಯೊಳಗೆ ಒಂದು ಪ್ರಶ್ನೆ ಹೊಕ್ಕಿತು. ಬರಬಾರದ ಪ್ರಶ್ನೆ. ಅಕ್ಕ ನಿಜವಾಗಿ ಬೀಳುತ್ತಾಳಾ? ಅಥವಾ ನಾನು ಹೊರಗೆ ಹೋದಾಗ ನೋಡಿಕೊಂಡು ಮಲಗುತ್ತಾಳಾ?

ಆ ದಿನ ಅಕ್ಕನ ಮುಖ ನೋಡಲಾಗಲಿಲ್ಲ ಅವಳಿಗೆ. ತನ್ನನ್ನು ಸಾಕಿದವಳು. ಆದರೆ ಇಂಥ ಪ್ರಶ್ನೆ ಮರಳಿನಂತೆ. ಲೆನ್ಸಿನೊಳಗೆ ಒಂದು ಕಾಳು ಸೇರಿದರೂ ತಿರುಗಿಸಿದಾಗಲೆಲ್ಲ ಕರಕರ. ನಟನೆಯಾದರೆ ಹೋಗುತ್ತೇನೆ. ನಿಜವಾದರೆ ಇಲ್ಲೇ, ಈ ಬೆಂಚಿನಲ್ಲೇ, ಸಾಯುವವರೆಗೆ. ಎರಡರಲ್ಲಿ ಒಂದು. ಮೂರನೆಯದೂ ಇರಬಹುದೆಂದು ಅವಳಿಗೆ ಹೊಳೆಯಲೇ ಇಲ್ಲ.

ಗಿರಾಕಿಯೊಬ್ಬರು ಬಿಟ್ಟುಹೋಗಿ ಮರೆತ ಕ್ಯಾಮೆರಾ ಅವಳಲ್ಲಿತ್ತು, ಚಿತ್ರದ ಮೂಲೆಯಲ್ಲಿ ದಿನ ಮತ್ತು ಗಂಟೆ ಮೂಡಿಸುವಂಥದ್ದು. ಅದಕ್ಕೆ ರಿಲೇ ಕಟ್ಟಿದಳು. ಅಕ್ಕ ಸ್ನಾನಕ್ಕೆ ಹೋದಾಗ ಬೀರುವಿನ ಮೇಲಿನ ಗುಂಡಿಗಳ ತಗಡಿನ ಡಬ್ಬಿಯೊಳಗೆ, ಸದ್ದು ಕೇಳದಂತೆ ಸುತ್ತ ಹತ್ತಿ ತುರುಕಿ, ತೂತಿಗೆ ಕಣ್ಣಿಟ್ಟು ಕೂರಿಸಿದಳು. ಕಾಣದ ಬೆಳಕನ್ನು ಬೀರುವಿನ ಕಾಲಿನಿಂದ ಹೊಲಿಗೆ ಯಂತ್ರದ ಕಾಲಿಗೆ, ನೆಲದಿಂದ ಒಂದು ಗೇಣೆತ್ತರದಲ್ಲಿ ಕಟ್ಟಿದಳು. ನಡೆದಾಡುವ ಕಾಲು ಬೆಳಕನ್ನು ಅರೆಗಳಿಗೆ ತಡೆದು ದಾಟುತ್ತದೆ. ಬಿದ್ದ ಮೈ ತಡೆದುಕೊಂಡೇ ಇರುತ್ತದೆ. ಐದು ಸೆಕೆಂಡಿಗಿಂತ ಹೆಚ್ಚು ತಡೆದರೆ ಮಾತ್ರ ಚಿತ್ರ ಹಿಡಿಯಬೇಕು ಎಂದು ರಿಲೇಗೆ ಪಾಠ ಹೇಳಿಕೊಟ್ಟಳು.

ಮಂಗಳವಾರ ಡಬ್ಬಿಯ ಹಿಂದಿನ ಸ್ವಿಚ್ಚು ಒತ್ತಿ ಪೇಟೆಗೆ ಹೋಗಿ ಬಂದಳು. ಅಕ್ಕ ಚೆನ್ನಾಗಿಯೇ ಇದ್ದಳು. ಆದರೆ ಕ್ಯಾಮೆರಾದ ರೀಲು ಪೂರ್ತಿ ಮುಗಿದಿತ್ತು! ರೀಲು ತೆಗೆದುಕೊಂಡು ಬಚ್ಚಲಿಗೆ ನುಗ್ಗಿದಳು.

"ಮತ್ತೆ ಬಚ್ಚಲು ಹಿಡ್ಕೊಂಡ್ಯಾ? ನಾನೇನು ಕಿಟಕಿಯಿಂದ ಕೈ ತೊಳ್ಕೊಳ್ಲಾ?" ಎಂದು ಅಕ್ಕ ಹೊರಗಿನಿಂದ ಕೂಗಿದಳು.

ಮೂವತ್ತಾರು ಚಿತ್ರ. ಮೂವತ್ತಾರರಲ್ಲೂ ಶಾಲೆಯ ಸಮವಸ್ತ್ರದ ಬಟ್ಟೆಯ ಗಂಟು. ಅಕ್ಕ ಅದನ್ನು ಬೆಳಕಿಗೆ ಅಡ್ಡವಾಗಿ ಇಟ್ಟು ಮರೆತಿದ್ದಳು. ಮೊದಲ ಚಿತ್ರದಲ್ಲಿ ಗಂಟು, ಕೊನೆಯದರಲ್ಲೂ ಗಂಟು, ಅಲುಗಾಡದ ಗಂಟು. ಕತ್ತಲ ಬಚ್ಚಲಿನಲ್ಲಿ ಪುಟ್ಟಿಗೆ ನಗು ಬಂತು, ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ನಗು ನಿಂತ ಮೇಲೂ ಸ್ವಲ್ಪ ಹೊತ್ತು ಹೊರಗೆ ಬರಲಿಲ್ಲ.

ಮಾರನೆಯ ವಾರ ರಿಲೇಗೆ ಇನ್ನೊಂದು ಬುದ್ಧಿ ಕಲಿಸಿದಳು: ಒಮ್ಮೆ ಅಡ್ಡವಾದರೆ ಇಪ್ಪತ್ತು ಸೆಕೆಂಡಿಗೊಂದರಂತೆ ಆರೇ ಚಿತ್ರ, ಆಮೇಲೆ ಸುಮ್ಮನಿರು. ಮತ್ತೆ ಸ್ವಿಚ್ಚು ಒತ್ತಿ ಹೊರಟಳು. ಬಂದಾಗ ಅಕ್ಕ ಗಿರಾಕಿಯೊಬ್ಬಳಿಗೆ ತೋಳಿನ ಅಳತೆ ತೆಗೆಯುತ್ತಿದ್ದಳು, ಸರಿಯಾಗಿ ಬೀರುವಿನ ಪಕ್ಕದಲ್ಲಿ, ಬೆಳಕಿನ ದಾರಿಯಿಂದ ಒಂದೇ ಅಡಿ ಆಚೆ. ಗಿರಾಕಿ ಹೋದ ಮೇಲೆ ಅಕ್ಕ ಅಲ್ಲೇ ಕೂತು ಗುಂಡಿ ಹಚ್ಚಿದಳು. ಬುಧವಾರ, ಗುರುವಾರ ಇಬ್ಬರಿಗೂ ಕುತ್ತಿಗೆಯವರೆಗೆ ಕೆಲಸ. ಡಬ್ಬಿ ಮುಟ್ಟಲು ಸಂದರ್ಭವೇ ಸಿಗಲಿಲ್ಲ. ಶುಕ್ರವಾರ ಬೆಳಿಗ್ಗೆ ತೆಗೆದು ನೋಡಿದರೆ ಹನ್ನೆರಡು ಚಿತ್ರ ಮುಗಿದಿದ್ದವು. ಮತ್ತೆ ಗಂಟು ಇಟ್ಟಿದ್ದಾಳೆ ಎಂದುಕೊಂಡು, ಕಾಟಾಚಾರಕ್ಕೆ ಬಚ್ಚಲಿಗೆ ಹೋದಳು.

ಅಲ್ಲಿ ಬಟ್ಟೆಯ ಗಂಟು ಇರಲಿಲ್ಲ.

ಅಕ್ಕ ಇದ್ದಳು. ನೆಲದ ಮೇಲೆ, ಚೂರು ಬಟ್ಟೆಗಳ ರಾಶಿಯ ಮೇಲೆ. ಮೊದಲ ಚಿತ್ರದಲ್ಲಿ ಎಡಗೈ ಮೊಣಕೈಯಿಂದ ಬಿಗಿದು ಎದೆಗೆ ಸೆಟೆದುಕೊಂಡಿದೆ, ತಲೆ ಒಂದು ಕಡೆ ತಿರುಚಿದೆ. ಎರಡನೆಯದರಲ್ಲಿ ಮೈಯೆಲ್ಲ ಮಸುಕು, ಅದುರಿದ್ದರಿಂದ. ನಾಲ್ಕರಲ್ಲಿ ಸತ್ತವಳಂತೆ ಸಡಿಲ. ಇದನ್ನು ಯಾರೂ ನಟಿಸಲಾರರು. ಅದು ಗೊತ್ತಾದ ಕೂಡಲೇ ಪುಟ್ಟಿಯ ಬೆನ್ನ ಹಿಂದೆ ಬಾಗಿಲು ಬಡಿದುಕೊಂಡಂತಾಯಿತು. ನಿಜ. ಹಾಗಾದರೆ ಇಲ್ಲೇ, ಸಾಯುವವರೆಗೆ.

ಆಮೇಲೆ ಚಿತ್ರದ ಹಿನ್ನೆಲೆ ಕಣ್ಣಿಗೆ ಬಿತ್ತು. ಅಲ್ಲಿ ಒಳಕೋಣೆಯ ತೆರೆದ ಬಾಗಿಲು. ಬಾಗಿಲಿನಾಚೆ ಉರಿಯುತ್ತಿರುವ ದೀಪ. ದೀಪದಡಿ ಬಗ್ಗಿ ಕೂತ ಒಂದು ಬೆನ್ನು, ಜಡೆ.

ತನ್ನದೇ ಬೆನ್ನು.

ಮೂಲೆಯ ಅಂಕಿ ಓದಿದಳು. ಬುಧವಾರ, ಹನ್ನೊಂದು ಇಪ್ಪತ್ತು. ಉಳಿದ ಆರರಲ್ಲಿ: ಗುರುವಾರ, ನಾಲ್ಕು ಗಂಟೆ ಐದು ನಿಮಿಷ. ಅದರಲ್ಲೂ ಅದೇ ಬೆನ್ನು, ತಾನು ಲೆನ್ಸೊಂದನ್ನು ದೀಪಕ್ಕೆ ಹಿಡಿದು ಧೂಳು ಹುಡುಕುತ್ತಿದ್ದಾಳೆ. ಹತ್ತು ಹೆಜ್ಜೆ ಹಿಂದೆ ಅಕ್ಕ. ಕೊನೆಯ ಚಿತ್ರದಲ್ಲಿ ಅಕ್ಕ ಎದ್ದು ಮಂಡಿಯೂರಿ, ಒಂದು ಚೂರು ಬಟ್ಟೆಯಿಂದ ನೆಲ ಒರೆಸುತ್ತಿದ್ದಾಳೆ. ಕಣ್ಣು ಮಾತ್ರ ಒಳಕೋಣೆಯ ಬಾಗಿಲ ಮೇಲೆ.

ಗುರುವಾರ ಸಂಜೆ ಪುಟ್ಟಿಗೆ ಚೆನ್ನಾಗಿ ನೆನಪಿತ್ತು. ನಾಲ್ಕು ಕಾಲಿಗೆ ಅಕ್ಕ ದಿನದಂತೆ ಕೂಗಿದ್ದಳು: "ಪುಟ್ಟೀ, ಚಹಾ ಇಡ್ಲೇನೇ?" ದನಿಯಲ್ಲಿ ಒಂದು ಎಳೆಯೂ ಆಚೀಚೆ ಇರಲಿಲ್ಲ. ಯಂತ್ರದ ಸದ್ದು ನಿಂತದ್ದು ಕೇಳಿಸಿರಲಿಲ್ಲವೇ? ಕೇಳಿಸಿರಬೇಕು. ಆದರೆ ಹೊಲಿಗೆ ಯಂತ್ರ ನಿಮಿಷಕ್ಕೊಮ್ಮೆ ನಿಲ್ಲುತ್ತದೆ. ಕಾಲರು ತಿರುವಲು, ದಾರ ಬದಲಿಸಲು. ಇಪ್ಪತ್ತು ವರ್ಷದಲ್ಲಿ ಅವಳ ಕಿವಿ ಆ ಮೌನಕ್ಕೆ ಒಗ್ಗಿಹೋಗಿತ್ತು.

ಅಕ್ಕನ ಮೊಣಕೈಯ ನೀಲಿ ಕಲೆಗಳು ನೆನಪಾದವು. "ಮೇಜಿನ ಮೂಲೆ ತಗುಲ್ತು." ಮಧ್ಯಾಹ್ನ ಇದ್ದಕ್ಕಿದ್ದಂತೆ ಬದಲಾಗುವ ರವಿಕೆ ನೆನಪಾಯಿತು. "ಬೆವರು ಕಣೇ." ಊಟಕ್ಕೆ ಕೂತಾಗ ಬಾಯಿ ತೆರೆಯಲು ಆಗದೆ ಬರೀ ನೀರು ಕುಡಿದ ದಿನಗಳು. "ಹಲ್ಲುನೋವು." ವಾರಕ್ಕೆ ಎಷ್ಟು ಸಲ? ಇಪ್ಪತ್ತು ವರ್ಷಕ್ಕೆ ಎಷ್ಟು?

ಹೊರಗೆ ಬಂದು ಹನ್ನೆರಡು ಚಿತ್ರಗಳನ್ನೂ ಕತ್ತರಿಸುವ ಮೇಜಿನ ಮೇಲೆ, ಸೀಮೆಸುಣ್ಣದ ಗೆರೆಗಳ ನಡುವೆ, ಸಾಲಾಗಿ ಹರಡಿದಳು.

ಅಕ್ಕ ಕನ್ನಡಕ ಏರಿಸಿಕೊಂಡು ಬಗ್ಗಿದಳು. "ಇದ್ಯಾವಳೇ, ಬಾಯಿ ತೆರ್ಕೊಂಡು ಬಿದ್ದಿರೋಳು?" ಎಂದಳು. ಆಮೇಲೆ ಸೀರೆಯ ಅಂಚು ಗುರುತು ಹಿಡಿದಳು. ತನ್ನ ಬೀಳುವಿಕೆಯನ್ನು ಅವಳೂ ಅದೇ ಮೊದಲು ನೋಡಿದ್ದು. ಬೆರಳನ್ನು ಒಂದೊಂದೇ ಚಿತ್ರದ ಮೇಲಿಟ್ಟು ಸರಿಸುತ್ತ ಹೋದಳು, ಹೊಲಿಗೆ ಪರೀಕ್ಷಿಸುವ ಹಾಗೆ.

"ಎಲ್ಲಿಂದ ಹಿಡಿದೆ?"

"ಗುಂಡಿ ಡಬ್ಬಿಯಿಂದ."

"ನನ್ನ ಮೇಲೆ ಬೋನು ಇಟ್ಟೆಯಾ? ಆ ಹಕ್ಕಿಯವನು ನರಿ ಹಿಡಿಯೋ ಬೋನನ್ನ ನನ್ನ ಮೇಲೆ ಇಟ್ಟೆಯಾ ಪುಟ್ಟಿ?"

"ಇಟ್ಟೆ."

"ಯಾಕೆ?"

"ನೀನು ನಾಟಕ ಮಾಡ್ತೀಯೇನೋ ಅಂತ."

ಅಕ್ಕ ಕೂತಳು. ಕೆನ್ನೆಗೆ ಹೊಡೆಸಿಕೊಂಡವಳಂತೆ ಕೂತಳು. "ಸರಿ, ನೋಡಿದೆಯಲ್ಲ. ನಾಟಕವಾ?"

"ಅಲ್ಲ. ಆದ್ರೆ ಇದ್ಯಾರು ಹೇಳು" ಎಂದು ಪುಟ್ಟಿ ಬಾಗಿಲಾಚೆಯ ಬೆನ್ನಿನ ಮೇಲೆ ಬೆರಳಿಟ್ಟಳು. "ಇದ್ಯಾರಕ್ಕಾ ಇಲ್ಲಿ ಕೂತಿರೋದು? ನಾನಿದ್ರೆ ನಿಂಗೇನೂ ಆಗಲ್ಲ ಅಂದಿದ್ದೆಯಲ್ಲ!"

ಅಕ್ಕ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಕೆಳಗೆ ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು.

"ಮೊದಮೊದಲು ನಿಜವಾಗ್ಲೂ ಹಾಗೇ ಅಂದ್ಕೊಂಡಿದ್ದೆ ಕಣೇ" ಎಂದಳು ಕೊನೆಗೆ. "ನೀನು ವಾಪಸ್ ಬಂದ ಮೇಲೆ ಎರಡು ತಿಂಗಳು ಏನೂ ಆಗ್ಲಿಲ್ಲ. ಆಮೇಲೆ ಒಂದಿನ ಬಿದ್ದೆ. ನೀನು ಒಳಗೆ ಏನೋ ಬೆಸುಗೆ ಹಾಕ್ತಿದ್ದೆ. ಎದ್ದು, ನಿನ್ನ ಕರೀಬೇಕು ಅಂತ ಬಾಯಿ ತೆರೆದೆ. ಆಗ ಹೊಳೀತು. ನೀನಿದ್ರೂ ಬೀಳ್ತೀನಿ ಅಂತ ಗೊತ್ತಾದ್ರೆ, ನೀನ್ಯಾಕೆ ಇರ್ತೀಯಾ?"

"ಇಪ್ಪತ್ತು ವರ್ಷ, ಅಕ್ಕಾ."

"ಹೂಂ."

"ಒಬ್ಬಳೇ ಎದ್ದು, ಒರೆಸ್ಕೊಂಡು, ಚಹಾ ಇಡ್ಲೇನೇ ಅಂತ ಕೇಳ್ತಿದ್ದೆ!"

"ಮತ್ತೇನು ಕೇಳ್ಲಿ?" ಎಂದಳು ಅಕ್ಕ. "ನೀನು ಹೊರಗಿದ್ದಾಗ ಬಿದ್ರೆ ಒಂಥರಾ ನಿರಾಳ. ಹಾಗೇ ಬಿದ್ದಿರಬಹುದಿತ್ತು. ನೀನು ಬಂದು ಎತ್ತೋವರೆಗೆ."

ಪುಟ್ಟಿಗೆ ಕೋಪ ಬಂತು. ಆ ಕೋಪಕ್ಕೆ ಕೂರಲು ಜಾಗ ಸಿಗಲಿಲ್ಲ. ಹಿಂದಿನ ಕೋಣೆಗೆ ಹೋದಳು, ಅಲ್ಲಿ ಗೋಡೆ. ಮುಂದಿನ ಕೋಣೆಗೆ ಬಂದಳು, ಅಲ್ಲಿ ಅಕ್ಕ. ಎರಡು ದಿನ ಇಬ್ಬರೂ ಮಾತಾಡಲಿಲ್ಲ. ಮೂರನೆಯ ದಿನ ಅಕ್ಕ ತಾನೇ ಚಿತ್ರಗಳನ್ನು ಲಕೋಟೆಗೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಳು. "ನಡಿ. ಯಾವ ಡಾಕ್ಟ್ರಿಗೆ ತೋರಿಸ್ತೀಯೋ ತೋರ್ಸು. ಹೆಸರು ಬರ್ಸ್ಕೊಂಡೇ ಬರೋಣ."

ಆಸ್ಪತ್ರೆಯ ನರರೋಗದ ಡಾಕ್ಟರು ವಯಸ್ಸಿನಲ್ಲಿ ಪುಟ್ಟಿಗಿಂತ ಚಿಕ್ಕವಳು. ಚಿತ್ರಗಳನ್ನು ಮೇಜಿನ ಮೇಲೆ ಹರಡಿ ಬಹಳ ಹೊತ್ತು ನೋಡಿದಳು. "ಎಡಗೈ ಮೊದಲು ಬಿಗಿಯುತ್ತೆ, ಎರಡು ಸಲಾನೂ. ನಮಗೆ ಗೊತ್ತಾಗಬೇಕಿದ್ದದ್ದು ಇದೇ. ಇದನ್ನ ಯಾರು ತೆಗೆದರು?"

"ಯಾರೂ ಅಲ್ಲ, ಅದೇ ತೆಗೀತು" ಎಂದಳು ಅಕ್ಕ, ಹೆಮ್ಮೆಯೋ ಬೈಗುಳವೋ ತಿಳಿಯದ ದನಿಯಲ್ಲಿ. "ನಮ್ಮ ಹುಡುಗಿ ಮಾಡಿದ್ದು."

ಪರೀಕ್ಷೆಗಳಾದವು, ಮಾತ್ರೆ ಶುರುವಾಯಿತು. ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುತ್ತದೆಂದು ಹೇಳಲಾರೆ ಎಂದಳು ಡಾಕ್ಟರು. ಮೆಟ್ಟಿಲಿರುವ ಮನೆ ಬೇಡ, ಎತ್ತರದ ಸ್ಟೂಲು ಬೇಡ. ಪಕ್ಕದಲ್ಲಿ ಯಾರಾದರೂ ಕೂತಿದ್ದರೆ ಬರುವುದಿಲ್ಲ ಎಂಬುದೆಲ್ಲ ಸುಳ್ಳು; ಬಂದಾಗ ತಿಳಿಯುವ ಹಾಗಿದ್ದರೆ ಸಾಕು.

ಬಂದಾಗ ತಿಳಿಯುವ ಹಾಗೆ! ಪುಟ್ಟಿ ಅದೇ ಸಂಜೆ ಡಬ್ಬಿಯಿಂದ ಕ್ಯಾಮೆರಾ ತೆಗೆದು, ಅದೇ ರಿಲೇಯ ತಂತಿಯನ್ನು ಕಿಟಕಿಯಿಂದ ಇಳಿಬಿಟ್ಟು, ಕೆಳಮನೆಯ ಅಜ್ಜಿಯ ಅಡುಗೆಮನೆಯಲ್ಲಿ ಒಂದು ಗಂಟೆಗೆ ಕಟ್ಟಿದಳು. ಮೊದಲ ವಾರ ಅಜ್ಜಿ ಒಂಬತ್ತು ಸಲ ಏದುಸಿರು ಬಿಡುತ್ತ ಹತ್ತಿ ಬಂದಳು. ಎಂಟು ಸಲ ಬಟ್ಟೆಯ ಗಂಟು.

"ಟೈಲರಮ್ಮ, ಆ ಗಂಟನ್ನ ಮೇಜಿನ ಮೇಲೆ ಇಡೇ ತಾಯಿ, ನಾನು ನಿನಗಿಂತ ಮೊದಲು ಹೋಗ್ತೀನಿ!"

ಒಂಬತ್ತನೆಯ ಸಲ ಅಕ್ಕ ನಿಜವಾಗಿಯೇ ನೆಲದಲ್ಲಿದ್ದಳು. ಪುಟ್ಟಿ ಒಳಗೇ ಇದ್ದಳು, ಈ ಸಲವೂ ಕೇಳಿಸಿರಲಿಲ್ಲ. ಮಹಡಿಯವರೆಗೆ ಓಡಿ ಬಂದವಳು ಅಜ್ಜಿಯೇ.

ತಿಂಗಳ ಕೊನೆಗೆ ಆರು ದಿನ ಉಳಿದಿದ್ದವು. ಅಜ್ಜಿ ತನ್ನ ಪಕ್ಕದ ಖಾಲಿ ಕೋಣೆ ಅಕ್ಕನಿಗೆ ಕೊಡಲು ಒಪ್ಪಿದ್ದಳು. ತಿಂಗಳು ತುಂಬಿದ ಕೂಡಲೇ ಮಹಡಿ ಮನೆ ಬಿಡುವುದೆಂದಾಗಿತ್ತು. ಪುಟ್ಟಿ ಮೇಷ್ಟ್ರಿಗೆ ಇನ್ನೂ ಬರೆದಿರಲಿಲ್ಲ. ಬರೆಯಲು ಕೂತರೆ ಪೆನ್ನು ನಿಲ್ಲುತ್ತಿತ್ತು. ಆ ಮಂಗಳವಾರ, ಇವತ್ತು ಬೇಕೆಂದೇ ಸಂಜೆವರೆಗೆ ಹೊರಗಿರುತ್ತೇನೆ ಎಂದು ಹಟ ತೊಟ್ಟು ಹೊರಟಳು. ಪೇಟೆ ದಾಟಿ, ಅವಳು ಎಂದೂ ಹೋಗದ ಕೆರೆಯ ಏರಿಯವರೆಗೆ ನಡೆದಳು. ಕಲ್ಲಿನ ಮೇಲೆ ಕೂತಳು. ಸ್ವಲ್ಪ ಹೊತ್ತಿಗೆ ಕಾಲುಗಳು ತಾವಾಗಿ ಎದ್ದು ಮನೆಯ ಕಡೆ ತಿರುಗಿದವು. ನಿಲ್ಲಿಸಿದಳು. ಮತ್ತೆ ತಿರುಗಿದವು. ಅಕ್ಕ ಕರೆದಿರಲಿಲ್ಲ, ಗಂಟೆ ಬಾರಿಸಿರಲಿಲ್ಲ. ಆದರೂ ಎದೆಯಲ್ಲಿ ಅದೇ ದಿಗಿಲು. ಬೀಗ ಅಕ್ಕನ ಕೈಯಲ್ಲಿದೆ ಎಂದುಕೊಂಡಿದ್ದಳಲ್ಲ, ಅದು ತನ್ನ ಮೈಯೊಳಗೇ ತುಕ್ಕು ಹಿಡಿದು ಕೂತಿತ್ತು. ಅರ್ಧ ಓಡುತ್ತ ಮನೆಗೆ ಬಂದಳು.

ಅಕ್ಕ ಹೊಸ ತಗ್ಗು ಸ್ಟೂಲಿನ ಮೇಲೆ ಕೂತು ಜೇಬು ಹೊಲಿಯುತ್ತಿದ್ದಳು. ತಲೆಯೆತ್ತಿ ಗಡಿಯಾರ ನೋಡಿದಳು, ತಂಗಿಯ ಬೆವರಿದ ಮುಖ ನೋಡಿದಳು. ಎಲ್ಲ ಅರ್ಥವಾಯಿತು.

"ಆ ಕಾಗದ ಎಲ್ಲಿಟ್ಟಿದ್ದೀಯಾ? ತಂತಿ ಸುರುಳಿ ಕೆಳಗಾ?"

"ನಿಂಗೆ ಗೊತ್ತಿತ್ತಾ?"

"ಕಸ ಗುಡಿಸೋಳು ನಾನು. ತಾ ಇಲ್ಲಿ. ನಾನು ಹೇಳ್ತೀನಿ, ನೀನು ಬರಿ." ಅಕ್ಕ ಯಂತ್ರ ನಿಲ್ಲಿಸಿ ಎರಡೂ ಕೈ ಮಡಿಲಲ್ಲಿಟ್ಟುಕೊಂಡಳು. "ಬರ್ತೀನಿ ಅಂತ ಬರಿ. ಅಷ್ಟೆ. ಇನ್ನೇನೂ ಸೇರಿಸ್ಬೇಡ."

ಪುಟ್ಟಿ ಬರೆದಳು. ಕೈಬರಹ ಮಗುವಿನದರಂತೆ ಕೋಲಾಟವಾಡಿತ್ತು. ಅಂಚೆಗೆ ಹಾಕಲು ಅಕ್ಕನೇ ಅವಳ ಜೊತೆ ಮೂಲೆಯವರೆಗೆ ನಡೆದಳು. ಕಾಗದ ಹಾಕದೆಯೇ ತಿರುಗಿ ಬಂದಾಳು ಎಂಬ ಅನುಮಾನ ಇರಬೇಕು.

ಹೊರಡುವ ಬೆಳಿಗ್ಗೆ ಒಂಬತ್ತೂವರೆಗೆ ರೈಲು. ಸಲಕರಣೆಗಳ ಪೆಟ್ಟಿಗೆ ಕೆಳಗೆ ಇಳಿಸಿಯಾಗಿತ್ತು. ಮುಂದಿನ ಕೋಣೆಯಲ್ಲಿ ಅರ್ಧ ಸಾಮಾನು ಗಂಟು ಕಟ್ಟಿ ನಿಂತಿತ್ತು, ಇನ್ನು ಮೂರು ದಿನಕ್ಕೆ ಅದೂ ಕೆಳಗೆ. ಮತ್ತೆ ಬರುವುದಾದರೂ ಪುಟ್ಟಿ ಬರಬೇಕಾದದ್ದು ಅಜ್ಜಿಯ ಪಕ್ಕದ ಕೋಣೆಗೆ, ಈ ಮನೆಗಲ್ಲ. ಅವಳು ಹೊಸ್ತಿಲಲ್ಲಿ ನಿಂತೇ ಇದ್ದಳು. ಮಾತ್ರೆ ಎಂಟಕ್ಕೆ ಎಂದಳು. ಗೊತ್ತು ಎಂದಳು ಅಕ್ಕ. ಬೆಳಕಿಗೆ ಅಡ್ಡವಾಗಿ ಏನೂ ಇಡಬೇಡ ಎಂದಳು. ಇಡಲ್ಲ ಎಂದಳು ಅಕ್ಕ. ಚಿಲಕ ಹಿಡಿದುಕೊಂಡು ನಿಂತಳು.

"ಅಕ್ಕಾ, ನಾನು ಹೋದ ಮೇಲೆ ನೀನು ಬಿದ್ರೆ?"

"ಬೀಳ್ತೀನಿ" ಎಂದಳು ಅಕ್ಕ. "ನೀನಿದ್ದಾಗಲೂ ಬೀಳ್ತಿದ್ದೆ. ಹೋಗೇ, ರೈಲು ನಿನ್ನಪ್ಪಂದಲ್ಲ."

ಪುಟ್ಟಿ ಚಿಲಕದಿಂದ ಕೈ ಬಿಡಿಸಿಕೊಂಡಳು. ಮೆಟ್ಟಿಲಿಳಿಯತೊಡಗಿ ಆರನೆಯದರಲ್ಲಿ ನಿಂತಳು. ಮೇಲಿನಿಂದ ಅಕ್ಕ, "ಹೂಂ, ಇನ್ನೂ ಹನ್ನೊಂದಿದೆ" ಎಂದಳು. ಪುಟ್ಟಿ ತಿರುಗಿ ನೋಡದೆ ಗೋಡೆ ಹಿಡಿದುಕೊಂಡು ಉಳಿದದ್ದನ್ನು ಇಳಿದಳು. ಪೆಟ್ಟಿಗೆ ಎತ್ತಿಕೊಂಡು, ಬೀದಿಯ ಬಿಸಿಲಿಗೆ ಬಂದು, ನಿಲ್ದಾಣದ ಕಡೆ ನಡೆದಳು.